ಪದಚರ್ಚೆ: ಹರಕೆ, ಸೇವೆ, ವಂತಿಗೆ, ಮುಡಿಪು, ಕಾಣಿಕೆ

ಪ್ರಶ್ನೆ: ಮಾಷ್ಟ್ರಿಗೆ ನಮಸ್ಕಾರ. ಕಾಸರಗೋಡಿನ ಜನರ ಆರ್ಥಿಕ ಸ್ಥಿತಿ ಮತ್ತು ದೈವಭಕ್ತಿಯ ಬಗೆಗಿನ ಮಲಯಾಳ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೇರ್ಚೆ, ವಳಿಪಾಡು, ಪಿರಿವು ಮೂರಕ್ಕೂ ‘ಹರಕೆ’ ಎಂದು ಹಾಕಿದರೆ ಆದೀತೇ? ‘ಬಡತನ ಹೆಚ್ಚಿದಲ್ಲಿ ಹರಕೆ ಹೆಚ್ಚು’ ಎಂಬರ್ಥದ ವಾಕ್ಯವೂ ಅದರಲ್ಲಿದೆ.

ಉತ್ತರ: ಆಗದು. ಮೂರನ್ನೂ ಒಂದೇ ಪದಕ್ಕೆ ಇಳಿಸಿದರೆ ಲೇಖನದ ವಾದವೇ ಕೆಡುತ್ತದೆ. ಯಾರು, ಯಾವಾಗ, ಯಾವ ಋಣಕ್ಕೆ ಕೊಡುತ್ತಾರೆ ಎಂಬುದು ಒಂದೊಂದರಲ್ಲೂ ಬೇರೆ.

ನೇರ್ಚೆಗೆ ಹರಕೆ ಸರಿ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಹೇಳಿಕೊಂಡದ್ದಕ್ಕೂ ಅದೇ ಪದ ಹೊಂದುತ್ತದೆ. ಹರಕೆಯಲ್ಲಿ ಷರತ್ತು ಇದೆ: ಕಾಯಿಲೆ ವಾಸಿಯಾದರೆ, ಕಳೆದ ದನ ಸಿಕ್ಕಿದರೆ ಕೊಡುತ್ತೇನೆ ಎಂದು ಮೊದಲು ಮಾತು, ಆಮೇಲೆ ಸಂದಾಯ. ಕ್ರಿಯಾಪದಗಳನ್ನು ಗಮನಿಸಿ. ಹರಕೆ ಹೊರುವುದು, ತೀರಿಸುವುದು, ಬಾಕಿ ಉಳಿಯುವುದು. ಎಲ್ಲವೂ ಸಾಲಕ್ಕೆ ಹೇಳುವ ಮಾತುಗಳೇ. ಜ್ಯೋತಿಷಿಗಳನ್ನು ಕೂರಿಸಿ ಕೇಳುವ ಅಷ್ಟಮಂಗಲ ಪ್ರಶ್ನೆಯಲ್ಲಿ ‘ಹಿರಿಯರು ಹೊತ್ತ ಹರಕೆ ಬಾಕಿ ಇದೆ’ ಎಂದು ಕಂಡುಬಂದರೆ ಅದು ಮಕ್ಕಳ ತಲೆಗೆ ಬರುತ್ತದೆ. ಕೈಯಲ್ಲಿ ಏನೂ ಇಲ್ಲದವನೂ ಹರಕೆ ಹೊರಬಲ್ಲ; ತುಳುನಾಡಿನ ದೈವ ಕೊರಗಜ್ಜನಿಗೆ ವೀಳ್ಯದೆಲೆ, ಅಡಿಕೆ, ಚಕ್ಕುಲಿ, ಸ್ವಲ್ಪ ಕಳ್ಳು ಸಾಕು. ಹಾಗೆಂದು ಉಳ್ಳವರು ಹೊರುವುದಿಲ್ಲವೆಂದಲ್ಲ. ಅವರ ಹರಕೆ ಕೋಲವೋ (ದೈವದ ನರ್ತನ ಸೇವೆ) ತುಲಾಭಾರವೋ ಆಗುತ್ತದೆ.

ವಳಿಪಾಡಿಗೆ ‘ಸೇವೆ’ ಎನ್ನಿ. ದೇವಸ್ಥಾನದ ಕೌಂಟರಿನಲ್ಲಿ ದರಪಟ್ಟಿ ನೋಡಿ ರಶೀದಿ ಮಾಡಿಸುವುದು ಅದು. ಹರಕೆಯನ್ನು ಸೇವೆಯ ರೂಪದಲ್ಲಿ ತೀರಿಸಬಹುದು, ಆದರೆ ಎಲ್ಲ ಸೇವೆಯೂ ಹರಕೆಯಲ್ಲ. ಎರಡು ಭಾಷೆಯ ಬೋರ್ಡುಗಳಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಪಿರಿವು ಎಂದರೆ ವಂತಿಗೆ. ದೇವಸ್ಥಾನದ ಜೀರ್ಣೋದ್ಧಾರ, ಅದರ ನಂತರದ ಬ್ರಹ್ಮಕಲಶೋತ್ಸವ ಬಂದಾಗ ಮನೆಗಿಷ್ಟು ಎಂದು ಸಮಿತಿ ಎತ್ತುವ ಪಾಲು. ಅಲ್ಲಿ ಕೊಡುವವನ ಮನಸ್ಸಿಗಿಂತ ಊರಿನ ಲೆಕ್ಕ ಮುಂದೆ. ಮೊತ್ತ ಮನಸ್ಸಿಗೆ ಬಿಟ್ಟದ್ದಾದರೆ ದೇಣಿಗೆ.

ಮುಡಿಪು ಲೇಖನದಲ್ಲಿ ಬಂದಿದ್ದರೆ ಅದನ್ನೂ ಬಿಡಿಸಿ ಬರೆಯಿರಿ. ಮುಡಿ ಎಂದರೆ ಕಟ್ಟು. ತಿರುಪತಿಗೆಂದು ಬಟ್ಟೆಯಲ್ಲಿ ಕಟ್ಟಿಯೋ ಡಬ್ಬಿಯಲ್ಲಿ ಹಾಕಿಯೋ ದೇವರ ಕೋಣೆಯಲ್ಲಿ ಇಡುವ ಹಣ ಮುಡಿಪು. ಹರಕೆ ಮುಂದೆ ಕೊಡುವ ಮಾತು, ಮುಡಿಪು ಆಗಲೇ ತೆಗೆದಿಟ್ಟ ದುಡ್ಡು. ದಿನದ ಕೂಲಿ ದಿನಕ್ಕೇ ಮುಗಿಯುವ ಮನೆಯಲ್ಲಿ ಮೊದಲನೆಯದು ಸುಲಭ, ಎರಡನೆಯದು ಕಷ್ಟ.

ಕಾಣಿಕೆಯ ಕತೆ ಬೇರೆ. ಕಾಣು ಎಂಬುದರಿಂದ ಬಂದ ಪದ. ದೊಡ್ಡವರನ್ನು ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಹಬ್ಬಕ್ಕೆ ಒಕ್ಕಲು ಧನಿಯ ಮನೆಗೆ ಒಯ್ಯುತ್ತಿದ್ದ ಸೌತೆ, ಬಾಳೆಗೊನೆಗೆ ತುಳುವಿನಲ್ಲಿ ಬುಳೆಕಾಣಿಕೆ ಎನ್ನುತ್ತಾರೆ. ಒಕ್ಕಲು ಕೊಡುವ ಗೇಣಿಯೂ ಅಕ್ಕಿ ಮುಡಿಯ, ಅಂದರೆ ಕಟ್ಟಿದ ಅಕ್ಕಿ ಮೂಟೆಯ, ಲೆಕ್ಕದಲ್ಲೇ ಇತ್ತು. ದೇವಸ್ವದ (ದೇವಸ್ಥಾನದ ಆಸ್ತಿಯ) ಜಾಗದ ಗೇಣಿ ಅಕ್ಕಿಯೇ ನೈವೇದ್ಯಕ್ಕೂ ಒದಗುತ್ತಿತ್ತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ, ಉಳುವವನೇ ಒಡೆಯನಾದ. ದೇವಸ್ವಗಳಿಗೆ ಸರಕಾರದಿಂದ ವರ್ಷಾಶನ (ವರ್ಷಕ್ಕಿಷ್ಟು ಎಂಬ ಹಣ) ಗೊತ್ತಾಯಿತು, ಆದರೆ ಅಂಗಳಕ್ಕೆ ಬರುವ ಅಕ್ಕಿ ನಿಂತಿತು. ದೇವಸ್ಥಾನದ ಖರ್ಚು ಸೇವಾ ರಶೀದಿ, ಕಾಣಿಕೆ ಡಬ್ಬಿ, ವಂತಿಗೆಗಳ ಮೇಲೆ ಬಿತ್ತು. ಇಂದು ಜಾತ್ರೆಗೆ ಊರವರು ಮೆರವಣಿಗೆಯಲ್ಲಿ ತರುವ ತೆಂಗಿನಕಾಯಿ, ಅಕ್ಕಿ, ತರಕಾರಿಗೆ ಹಸಿರುವಾಣಿ ಹೊರೆಕಾಣಿಕೆ ಎನ್ನುತ್ತೇವೆ. ಹೊತ್ತು ತರುವವನು ಈಗ ಯಾರ ಒಕ್ಕಲೂ ಅಲ್ಲ. ಈ ವ್ಯತ್ಯಾಸ ಅನುವಾದದಲ್ಲಿ ಉಳಿಯಲೇಬೇಕು.

ನಿಮ್ಮ ವಾಕ್ಯದ ವಿಷಯ. ಮೂಲದಲ್ಲಿ ನೇರ್ಚೆ ಎಂದಿದ್ದರೆ ‘ಬಡತನ ಹೆಚ್ಚಿದಲ್ಲಿ ಹರಕೆ ಹೊರುವವರು ಹೆಚ್ಚು’ ಎನ್ನಿ. ವಳಿಪಾಡು ಎಂದಿದ್ದರೆ ‘ಸೇವೆ ಮಾಡಿಸುವವರು’ ಎಂದಾಗಬೇಕು. ಆಗ ವಾಕ್ಯದ ಹುರುಳೇ ಬದಲಾಗುತ್ತದೆ, ಏಕೆಂದರೆ ರಶೀದಿಗೆ ಮೊದಲೇ ಕೈಯಲ್ಲಿ ಕಾಸು ಬೇಕು. ಮೂಲದ ಪದ ಯಾವುದೆಂದು ನೋಡಿ ತಿಳಿಸಿ.