‘ಗನ್ ಲೈಸೆನ್ಸ್ ಪರಿಶೀಲನೆ’ ಎನ್ನಬಹುದೇ? ಕೆಲವು ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ ಒಳಗೆ ಗನ್ ಇದ್ದರೆ, ಅದು ಕಾನೂನು ಪ್ರಕಾರ ಇದೆಯೇ ಎಂದು ಹೇಗೆ ತಿಳಿಯುತ್ತಾರೆ? ಈ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಗನ್ ಲೈಸೆನ್ಸ್ ಪರಿಶೀಲನೆ’ ಅಂದರೆ ಸಾಕಲ್ವಾ ಅನ್ನಬಹುದು. ತೊಡಕೇನೆಂದರೆ, ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಸಾಮಾನ್ಯ ಗನ್ನಿಗೆ ಲೈಸೆನ್ಸೇ ಇಲ್ಲ.

ಲೈಸೆನ್ಸ್ ಎಂದ ಕೂಡಲೇ ಕನ್ನಡ ಓದುಗರು ಈ ಕೋವಿ ಇಂಥವರದು ಎಂದು ಹೇಳುವ ಕಾಗದ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಕಾರಿಗೆ ನೋಂದಣಿ ಉಂಟು, ಗನ್ನಿಗೆ ದೇಶವ್ಯಾಪಿ ನೋಂದಣಿ ಇಲ್ಲ. ಕೇಂದ್ರ ಸರ್ಕಾರ ಅಂಥ ಪಟ್ಟಿ ಮಾಡದಂತೆ 1986ರ ಕಾಯ್ದೆಯೇ ತಡೆದಿದೆ. ಹವಾಯಿ ತಾನೇ ನೋಂದಣಿ ಮಾಡುತ್ತದೆ. ಇಲಿನಾಯ್‌ನಲ್ಲಿ ಗನ್ ಇಟ್ಟುಕೊಳ್ಳುವವರಿಗೆ ಗುರುತಿನ ಚೀಟಿ ಬೇಕು. ಇವು ಬಿಡಿ ಉದಾಹರಣೆಗಳು.

ಹಾಗಾಗಿ ಪೊಲೀಸರು ಮೊದಲು ನೋಡುವುದು ಗನ್ನನ್ನಲ್ಲ, ಆಳನ್ನು. ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡು ಹೆಸರು ಹಾಕಿ ನೋಡುತ್ತಾರೆ. ವಾರಂಟ್ ಇದೆಯೇ? ಗಂಭೀರ ಅಪರಾಧಕ್ಕೆ ಹಿಂದೆ ಶಿಕ್ಷೆಯಾಗಿದೆಯೇ? ಹಾಗೆ ಶಿಕ್ಷೆಯಾದವರು ಸಾಮಾನ್ಯವಾಗಿ ಗನ್ ಇಟ್ಟುಕೊಳ್ಳುವಂತೆಯೇ ಇಲ್ಲ. ಇದಕ್ಕೆ ‘ಮಾಲೀಕತ್ವ ಪರಿಶೀಲನೆ’ ಎಂಬ ಪದ ಒಪ್ಪುವುದಿಲ್ಲ. ‘ಅರ್ಹತೆ ಪರಿಶೀಲನೆ’ ಎನ್ನೋಣವೇ?

ಗನ್ನನ್ನೂ ನೋಡುವುದುಂಟು. ಅದರ ಮೇಲಿನ ಕ್ರಮಸಂಖ್ಯೆಯನ್ನು ಎನ್‌ಸಿಐಸಿ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಹುಡುಕುತ್ತಾರೆ. ಎಫ್‌ಬಿಐ ಇದನ್ನು 1967ರಿಂದ ನಡೆಸುತ್ತಿದೆ. ಕಳುವಾಗಿದೆ ಎಂದು ದೂರು ಬಂದ ಗನ್‌ಗಳ ವಿವರ ಅದರಲ್ಲಿ ಸಿಗುತ್ತದೆ. ಸಂಖ್ಯೆ ಅಲ್ಲಿ ಸಿಗದಿದ್ದರೆ ಕಳವಿನ ದೂರು ದಾಖಲಾಗಿಲ್ಲ ಎಂದಷ್ಟೇ ಅರ್ಥ. ಗನ್ ಈ ಚಾಲಕನದೇ ಎಂದು ಅದರಿಂದ ಗೊತ್ತಾಗುವುದಿಲ್ಲ. ಗನ್ನಿನ ಮೂಲ ಹುಡುಕಬೇಕಾದರೆ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಇದೇ ಕೆಲಸಕ್ಕೆಂದು ಇರುವ ಕೇಂದ್ರ ಸರ್ಕಾರದ ಕಚೇರಿಯನ್ನು ಕೇಳಬೇಕು. ಅವರು ತಯಾರಕರಿಂದ ಅಂಗಡಿಗೆ, ಅಂಗಡಿಯಿಂದ ಮೊದಲು ಕೊಂಡವರಿಗೆ ಜಾಡು ಹಿಡಿದು ಹೋಗುತ್ತಾರೆ. ಅದು ಅಪರಾಧದ ತನಿಖೆಗೆ ಇರುವ ದಾರಿ, ರಸ್ತೆ ಬದಿಯಲ್ಲಿ ನಿಂತು ಮುಗಿಸುವ ಕೆಲಸವಲ್ಲ. ಇದಕ್ಕೆ ‘ಮೂಲಶೋಧ’ಕ್ಕಿಂತ ‘ಜಾಡು ಹಿಡಿಯುವುದು’ ನನಗೆ ಹಿಡಿಸಿತು.

ಇನ್ನು ಬಟ್ಟೆಯ ಮರೆಯಲ್ಲಿ ಗನ್ ಒಯ್ಯಲು ಕೊಡುವ ಅನುಮತಿ. ‘ಗುಪ್ತ’ ಎಂದರೆ ಬೇಹುಗಾರರ ನೆನಪು, ‘ಬಚ್ಚಿಟ್ಟು’ ಎಂದರೆ ಕಳ್ಳರ ನೆನಪು! ‘ಮರೆಯಲ್ಲಿ ಒಯ್ಯುವ ಪರವಾನಗಿ’ ಸ್ವಲ್ಪ ಉದ್ದವಾದರೂ ಇದ್ದದ್ದರಲ್ಲಿ ಮೇಲು. ಈಗ ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಈ ಪರವಾನಗಿಯೂ ಕಡ್ಡಾಯವಲ್ಲ. ವರ್ಮಾಂಟ್‌ನಲ್ಲಂತೂ ಮೊದಲಿನಿಂದಲೂ ಬೇಕಿರಲಿಲ್ಲ. ಅಂಥ ಕಡೆ ‘ಪರವಾನಗಿ ಇಲ್ಲದ ಗನ್’ ಎಂದು ಬರೆದರೆ ಓದುಗರಿಗೆ ಅಪರಾಧದ ವಾಸನೆ ಬಡಿಯುತ್ತದೆ, ಅಲ್ಲಿ ಅಪರಾಧವೇ ನಡೆದಿರುವುದಿಲ್ಲ. ಮಿಷಿಗನ್‌ನಲ್ಲಿ ಪರವಾನಗಿದಾರರು ಗನ್ ಒಯ್ಯುತ್ತಿದ್ದರೆ, ಪೊಲೀಸರು ನಿಲ್ಲಿಸಿದ ಕೂಡಲೇ ಅದನ್ನು ತಾವಾಗಿ ಹೇಳಬೇಕು. ಎಲ್ಲ ರಾಜ್ಯಗಳಲ್ಲಿ ಹೀಗಿಲ್ಲ.

ನನಗೆ ಜಾಸ್ತಿ ತಲೆ ತಿನ್ನುತ್ತಿರುವುದು ‘ತಪಾಸಣೆ’. ನಾವು ಕಾರು ನಿಲ್ಲಿಸುವುದಕ್ಕೂ, ಕಾಗದ ನೋಡುವುದಕ್ಕೂ, ಕಾರಿನೊಳಗೆ ತಡಕಾಡುವುದಕ್ಕೂ ಇದನ್ನೇ ಬಳಸುತ್ತೇವೆ. ಅಲ್ಲಿನ ಕಾನೂನಿನಲ್ಲಿ ಇವು ಬೇರೆ ಬೇರೆ. 1987ರ ಒಂದು ಮೊಕದ್ದಮೆಯಲ್ಲಿ ಪೊಲೀಸ್ ಒಬ್ಬರು ಮನೆಯಲ್ಲಿದ್ದ ಸ್ಟೀರಿಯೊವನ್ನು ಸ್ವಲ್ಪ ಸರಿಸಿ ಕ್ರಮಸಂಖ್ಯೆ ಓದಿದ್ದರು. ಅಷ್ಟು ಸರಿಸಿದ್ದೂ ಶೋಧವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಂದಮೇಲೆ ಗನ್ನಿನ ಸಂಖ್ಯೆ ಹೇಗೆ ಕಣ್ಣಿಗೆ ಬಿತ್ತು ಎಂಬುದೂ ಮುಖ್ಯವಾಗಬಹುದು.

‘ತಡೆ’, ‘ಪರಿಶೀಲನೆ’, ‘ಶೋಧ’ ಎಂದು ಮೂರನ್ನು ಬೇರೆ ಮಾಡಿಕೊಂಡಿದ್ದೇನೆ. ‘ತಡೆ’ ಸುಮ್ನೆ ಅಡ್ಡಗಟ್ಟಿದಂತೆ ಕೇಳುತ್ತದೆಯೇ? ಕೋರ್ಟು ಕಚೇರಿಯ ಬರಹ ಬಲ್ಲವರು ಹೇಳಿ. ದಾಖಲೆಯಲ್ಲಿ ಸಂಖ್ಯೆ ಸಿಕ್ಕಿದ್ದಕ್ಕೆ ಅಲ್ಲಿನ ಪೊಲೀಸರು ಬಳಸುವ ‘ಹಿಟ್’ ಎಂಬ ಮಾತನ್ನು ಹಾಗೇ ಉಳಿಸಲೇ ಎಂಬುದನ್ನೂ ತಿಳಿಸಿ.