ಹಸಿ ಕಾಂಕ್ರೀಟಿನಲ್ಲಿ ಮಂಡಿಯೂರಿದ್ದೆ, ಈಗ ಗಾಯ ಕಪ್ಪಾಗಿದೆ. ಏನು ಮಾಡಲಿ?

ಗಂಗಾವತಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಗಾರೆ ಕೆಲಸ ಗೊತ್ತಿಲ್ಲ. ಹೋದ ತಿಂಗಳು ನಮ್ಮ ಕಡೆಯ ಹನ್ನೊಂದು ಜನ ನೇಪಾಳಕ್ಕೆ ಹೋಗಿದ್ದೆವು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಗೋರ್ಖಾ ಜಿಲ್ಲೆಯಲ್ಲಿ ಬಿದ್ದ ಮನೆಗಳನ್ನು ಕಟ್ಟಲು ಕೈ ಜೋಡಿಸೋಣ ಅಂತ. ಅಲ್ಲಿನ ಹಳೆ ಮನೆಗಳು ಬರೀ ಕಲ್ಲು, ಮಣ್ಣಿನವು. 7.8ರ ಭೂಕಂಪಕ್ಕೆ ಗೋಡೆಗಳು ಬಿಚ್ಚಿಕೊಂಡು ಬಿದ್ದಿವೆ. ಈಗ ಕಟ್ಟುವಾಗ ಪಾಯದ ಮೇಲೆ, ಕಿಟಕಿಯ ಕೆಳಗೆ ಮತ್ತು ಮೇಲೆ, ಮನೆಯ ಸುತ್ತಲೂ ಕಬ್ಬಿಣದ ಕಾಂಕ್ರೀಟ್ ಬೆಲ್ಟ್ ಹಾಕುತ್ತಾರೆ.

ಮೂರನೇ ದಿನ ಒಂದು ಮನೆಯ ನೆಲಕ್ಕೆ ಕಾಂಕ್ರೀಟ್ ಹಾಕಿದೆವು. ಉಳಿದವರು ಬಾಂಡ್ಲಿಯಲ್ಲಿ ತಂದು ಸುರಿದರು. ನಾನು ಅದರಲ್ಲೇ ಮಂಡಿಯೂರಿ, ಹಲಗೆ ಎಳೆದು ಮಟ್ಟ ಮಾಡುತ್ತಿದ್ದೆ. ಪ್ಯಾಂಟು ಪೂರ್ತಿ ನೆನೆಯಿತು. ಚಳಿಗೆ ತಣ್ಣಗಿದೆ ಅನ್ನಿಸಿತು, ಅಷ್ಟೇ. ಮಧ್ಯಾಹ್ನ ಊಟ ಮಾಡಿದ್ದೂ ಅದೇ ಪ್ಯಾಂಟಿನಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೂ ಬದಲಿಸಲಿಲ್ಲ.

ರಾತ್ರಿ ಉರಿ ಶುರುವಾಯಿತು. ಬಟ್ಟೆ ಬಿಚ್ಚಿದರೆ ಅದರ ಜೊತೆ ಚರ್ಮವೂ ಬಂತು. ನಮ್ಮನ್ನು ಕರೆದುಕೊಂಡು ಹೋದವರು ನೋಡಿ, "ತರಚಿದೆ, ಅರಿಶಿನ ಹಚ್ಚಿ ಮಲಗು" ಅಂದರು. ಬೂಟು, ಕೈಗವಸು ಏನೂ ಕೊಟ್ಟಿರಲಿಲ್ಲ. ಆ ಮನೆಯ ಅಜ್ಜಿಗೆ ನನ್ನ ಭಾಷೆ ಬರಲ್ಲ. ಕಾಲು ನೋಡಿದವರೇ ಕೊಡದಲ್ಲಿದ್ದ ನೀರನ್ನೆಲ್ಲ ನನ್ನ ಮಂಡಿಗೆ ಸುರಿದರು. ಅವರು ನೀರು ತರುವುದು ಗುಡ್ಡದ ಕೆಳಗಿನಿಂದ, ತಲೆಗೆ ಪಟ್ಟಿ ಕಟ್ಟಿ ಹೊತ್ತುಕೊಂಡು. ಅದನ್ನು ಮರೆಯಲು ಆಗುತ್ತಿಲ್ಲ.

ಊರಿಗೆ ಬಂದು ಹನ್ನೆರಡು ದಿನ ಆಯ್ತು. ಎಡ ಮಂಡಿಯ ಕೆಳಗೆ ಅಂಗೈ ಅಗಲ ಕಪ್ಪಾಗಿ ಗಟ್ಟಿಯಾಗಿದೆ. ನೋವಿಲ್ಲ, ಮುಟ್ಟಿದರೂ ಗೊತ್ತಾಗಲ್ಲ. ಅಂದರೆ ವಾಸಿ ಆಗುತ್ತಿದೆ ಅಂತ ಅಲ್ವಾ? ಮುಂದಿನ ತಿಂಗಳು ಇನ್ನೂ ಒಂಬತ್ತು ಹುಡುಗರು ಹೊರಟಿದ್ದಾರೆ. ಅವರಿಗೆ ಏನು ಹೇಳಿ ಕಳಿಸಲಿ?

ಸಿಂಧನೂರು ಗೌಂಡಿ

ತಮ್ಮಾ, ಇದು ಸಿಮೆಂಟ್ ಸುಟ್ಟ ಗಾಯ. ಸಿಮೆಂಟಿಗೆ ನೀರು ಬಿದ್ದರೆ ಸುಣ್ಣ ಹುಟ್ಟುತ್ತೆ. ಎಲೆ ಅಡಿಕೆಗೆ ಸುಣ್ಣ ಜಾಸ್ತಿಯಾದರೆ ಬಾಯಿ ಏನಾಗುತ್ತೆ ಗೊತ್ತಲ್ಲ, ಅದೇ ಸುಣ್ಣ ದಿನವಿಡೀ ನಿನ್ನ ಪ್ಯಾಂಟಿನಲ್ಲಿ ಕೂತಿತ್ತು. ಬೆಂಕಿಯಾದರೆ ತಕ್ಷಣ ಕಾಲು ಎಳೆದುಕೊಳ್ಳುತ್ತೀಯ. ಇದು ಗೊತ್ತಾಗುವುದೇ ತಡ.

ನಾನು ಇಪ್ಪತ್ತಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಹಸಿ ಮಾಲಿನಲ್ಲಿ ಮಂಡಿ ಊರಬಾರದು. ಹಲಗೆ ಹಾಕಿ ಅದರ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ಒಳಗಿನ ಮೂಲೆಯಿಂದ ಶುರು ಮಾಡಿ, ಹಿಂದೆ ಸರಿಯುತ್ತಾ ಬಾಗಿಲಿಗೆ ಬರಬೇಕು. ಗಮ್ ಬೂಟು ಹಾಕಿಕೊಂಡರೂ ಒಳಗೆ ಮಾಲು ಬಿತ್ತು ಅಂದರೆ ಆಗಲೇ ಬಿಚ್ಚಿ ತೊಳೆಯಬೇಕು. ಇಲ್ಲದಿದ್ದರೆ ಬೂಟೇ ಅದನ್ನು ಕಾಲಿಗೆ ಒತ್ತಿ ಹಿಡಿಯುತ್ತೆ. ಒಂದು ಡ್ರಮ್ ನೀರು ಪಕ್ಕದಲ್ಲಿ ಇಲ್ಲದೆ ನಾನು ಮಾಲು ಕಲಸಲು ಬಿಡಲ್ಲ.

ರಾಯಚೂರು ನರ್ಸ್

ದಯವಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟಿದರೆ ಗೊತ್ತಾಗಲ್ಲ ಅಂದಿರಲ್ಲ, ಅದೇ ನನಗೆ ಭಯ. ಅದು ವಾಸಿಯಾಗುವ ಲಕ್ಷಣ ಅಲ್ಲ. ಸುಟ್ಟದ್ದು ಆಳಕ್ಕೆ ಹೋಗಿ ನರವೇ ಸತ್ತಾಗ ನೋವು ಇರಲ್ಲ. ಆ ಕಪ್ಪು ಚರ್ಮವನ್ನು ನೀವೇ ಕೀಳಬೇಡಿ. ಡಾಕ್ಟರ್ ಅದನ್ನು ತೆಗೆದು, ಬೇಕಾದರೆ ತೊಡೆಯ ಚರ್ಮ ತಂದು ಕೂರಿಸುತ್ತಾರೆ. ಟಿಟಿ ಇಂಜೆಕ್ಷನ್ ಆಗಿದೆಯಾ ಅಂತಲೂ ಕೇಳಿ.

ಹೋಗುವ ಹುಡುಗರಿಗೆ ಹೇಳಿ: ಮೈಗೆ ಸಿಮೆಂಟ್ ತಾಗಿದರೆ ಆ ಬಟ್ಟೆ ತೆಗೆದು, ಹರಿಯುವ ನೀರಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಬೇಕು. ಅರಿಶಿನ, ಪೇಸ್ಟ್, ನಿಂಬೆಹಣ್ಣು ಯಾವುದೂ ಬೇಡ. ಆ ಅಜ್ಜಿ ಮಾಡಿದ್ದೇ ಸರಿ.

ಸಿರುಗುಪ್ಪದವ

ನಿಮಗೆ ಬೇಗ ವಾಸಿಯಾಗಲಿ. ಆದರೆ ಒಂದು ಮಾತು ಹೇಳಲೇಬೇಕು. 2009ರ ನೆರೆಯಲ್ಲಿ ನಮ್ಮ ಮನೆ ಬಿತ್ತು. ಆಗ ಕಟ್ಟಿಕೊಟ್ಟವರು ಕೆಲಸ ಬಲ್ಲ ಗೌಂಡಿಗಳು. ಆ ಭೂಕಂಪದಲ್ಲಿ ಬಿದ್ದ ಒಂದು ಮನೆಗೆ ನೇಪಾಳ ಸರ್ಕಾರ ಕೊಟ್ಟದ್ದು ಅವರ 3 ಲಕ್ಷ ರೂಪಾಯಿ. ನಮ್ಮ ಒಂದು ರೂಪಾಯಿ ಅವರ 1.60ಕ್ಕೆ ಸಮ, ಹಾಗಾಗಿ ನಮ್ಮ ಲೆಕ್ಕದಲ್ಲಿ ಎರಡು ಲಕ್ಷವೂ ಇಲ್ಲ. ನಿಮ್ಮ ಹನ್ನೊಂದು ಜನರ ದಾರಿ ಖರ್ಚನ್ನು ಅಲ್ಲಿಯ ಗೌಂಡಿಗಳ ಕೂಲಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಗಂಗಾವತಿ ಹುಡುಗ

ಅಕ್ಕ, ನೀವು ಬರೆದ ದಿನವೇ ಅಪ್ಪನ ಜೊತೆ ಬಳ್ಳಾರಿಗೆ ಹೋದೆ. ನೀವು ಹೇಳಿದ್ದೇ ನಿಜ. ಕಪ್ಪು ಚರ್ಮ ತೆಗೆದಿದ್ದಾರೆ. ಮಂಗಳವಾರ ತೊಡೆಯ ಚರ್ಮ ಕೂರಿಸುತ್ತಾರಂತೆ. ಇನ್ನೊಂದು ವಾರ ಬಿಟ್ಟಿದ್ದರೆ ಕೀವಾಗುತ್ತಿತ್ತು ಅಂದರು.

ಸಿರುಗುಪ್ಪದ ಅಣ್ಣ, ನಿಮ್ಮ ಮಾತನ್ನು ತುಂಬಾ ಯೋಚಿಸಿದೆ. ಆದರೆ ಆ ಊರಿನ ಗಂಡಸರು ಜಾಸ್ತಿ ಜನ ಕತಾರ್, ಮಲೇಷಿಯಾದಲ್ಲಿ ಕೂಲಿಗೆ ಇದ್ದಾರೆ. ಕಲ್ಲು ಹೊರುತ್ತಿದ್ದದ್ದು ಹೆಂಗಸರು, ಮುದುಕರು. ಹೊರುವ ಕೈ ಬೇಕಿತ್ತು, ನಾವು ಹೊತ್ತೆವು. ಹಲಗೆ ಎಳೆಯುವುದು ಮಾತ್ರ ನನ್ನಂಥವನ ಕೆಲಸ ಆಗಿರಲಿಲ್ಲ. ಅದನ್ನು ಒಪ್ಪುತ್ತೇನೆ. ಒಂಬತ್ತು ಹುಡುಗರಲ್ಲಿ ಇಬ್ಬರು ಹಿಂದೆ ಸರಿದರು. ಅವರ ಟಿಕೆಟ್ ದುಡ್ಡನ್ನು ಅಲ್ಲಿಯ ಗೌಂಡಿಗೇ ಕೊಡುತ್ತೇವೆ. ಉಳಿದ ಏಳು ಜನ ಗಮ್ ಬೂಟು, ರಬ್ಬರ್ ಕೈಗವಸು ಕೊಂಡಿದ್ದಾರೆ.

ಗೌಂಡಿ ಅಣ್ಣ, ಆ ಊರಲ್ಲಿ ಡ್ರಮ್ ತುಂಬ ನೀರು ಸಿಗುವುದೇ ಕಷ್ಟ. ಕೊಡದ ಲೆಕ್ಕದಲ್ಲಿ ಕನಿಷ್ಠ ಎಷ್ಟು ಇಟ್ಟುಕೊಂಡರೆ ಕೆಲಸ ಶುರು ಮಾಡಬಹುದು? ಹುಡುಗರು ಶುಕ್ರವಾರ ಹೊರಡುತ್ತಾರೆ.