ಡೈಪೋಲ್ ಹಗ್ಗ ಮೂರನೇ ಸಲ ಹರೀತು, ಗಟ್ಟಿ ಹಗ್ಗ ಯಾವುದು?

ತೋಟದ_ಡೈಪೋಲ್
ಮಳೆ ಹಿಡಿದ ಮೇಲೆ ಇದು ಮೂರನೇ ಸಲ. ನನ್ನ ಹ್ಯಾಮ್ ರೇಡಿಯೋದ 40 ಮೀಟರ್ ಬ್ಯಾಂಡಿನ ಡೈಪೋಲ್ (ಎರಡೂ ತುದಿಗೆ ಹಗ್ಗ ಹಾಕಿ ಎಳೆದು ಕಟ್ಟಿದ ತಂತಿ ಆಂಟೆನಾ) ನೆಲದ ಮೇಲಿದೆ. ಪ್ರತಿ ಸಲವೂ ಹೊಸ ಹಗ್ಗವೇ ಹಾಕಿದ್ದು. ಹರಿಯದ ಹಗ್ಗ ಯಾವುದು, ಎಷ್ಟು ದಪ್ಪ, ಅಷ್ಟು ಹೇಳಿ ಸಾಕು.

ಹುಬ್ಬಳ್ಳಿ_ತಂತಿ
ಈಗ ಹಾಕಿದ್ದು ಯಾವ ಹಗ್ಗ ಅಂತ ಬರದೇ ಇಲ್ಲಲ್ರೀ. ಒಂದು ತುಂಡು ನೀರಿನ್ಯಾಗ ಹಾಕಿ ನೋಡ್ರಿ. ತೇಲಿದ್ರ ಪಾಲಿಪ್ರೊಪಿಲೀನ್ ಇಲ್ಲಾ ಎಚ್‌ಡಿಪಿಇ, ಮುಳುಗಿದ್ರ ನೈಲಾನ್ ಇಲ್ಲಾ ಪಾಲಿಯೆಸ್ಟರ್. ತೇಲೋ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಹಿಟ್ಟಾಗತೈತಿ. ಕಪ್ಪು ಬಣ್ಣದ ಹೆಣೆದ ಪಾಲಿಯೆಸ್ಟರ್ ತರ್ರಿ, 5 ಮಿಮೀ. ಮುಗೀತು.

ಬಂದರು_ಗಂಟು
ನೈಲಾನ್ ಮಾತ್ರ ತರಬೇಡಿ ಮಾರಾಯ್ರೆ. ನೀರು ಕುಡಿಯುತ್ತದೆ, ಹಿಗ್ಗುತ್ತದೆ, ಒದ್ದೆಯಾದಾಗ ಬಲವೂ ಕಮ್ಮಿ. ಡೈಪೋಲ್ ಜೋತು ಬಿದ್ದು ಹೊಟ್ಟೆ ಬಿಡ್ತದೆ.

ತೋಟದ_ಡೈಪೋಲ್
ತೇಲಿತು. ಹಸಿರು ಹಗ್ಗ, 6 ಮಿಮೀ. ಆದ್ರೆ ಬಿಸಿಲು ಅಂತೀರಲ್ಲ, ಹಾಕಿ ಇಪ್ಪತ್ತು ದಿನ. ಅಷ್ಟೂ ದಿನ ಮೋಡ.

ಹುಬ್ಬಳ್ಳಿ_ತಂತಿ
ಅಂಗಡ್ಯಾಗ ಹೊರಗ ನೇತು ಹಾಕಿರ್ತಾರ, ಅಲ್ಲೇ ಸತ್ತಿರತೈತಿ. ಎಳಿ ಬಿಚ್ಚಿ ಉಗುರಿಲೆ ಕೆರೀರಿ, ಪುಡಿ ಉದುರಿದ್ರ ಬಿಸಿಲಿಂದೇ ಕೆಲಸ.

ತೋಟದ_ಡೈಪೋಲ್
ಪುಡಿ ಏನೂ ಉದುರಲ್ಲ.

ಹುಬ್ಬಳ್ಳಿ_ತಂತಿ
ಬ್ಯಾರೆ ಕಡೆ ಕೆರದು ನೋಡ್ರಿ.

ಎಳೆ_ಮೂರು
ಇನ್ನೂ ಪಾಲಿಯೆಸ್ಟರ್ ಅಂತ ಕೂತಿದ್ದೀರಾ? ಡೈನೀಮಾ ಅನ್ನೋ ಗಟ್ಟಿ ನೂಲಿನ ಹಗ್ಗ ಹಾಕಿ. 3 ಮಿಮೀ ಹಗ್ಗವೇ ಒಂದು ಟನ್ ಹತ್ತಿರ ತಡೆಯುತ್ತೆ, ಹಿಗ್ಗೋದೇ ಇಲ್ಲ.

ಬಂದರು_ಗಂಟು
ಟನ್ ತಡೆಯುವುದು ಹಗ್ಗ, ಗಂಟು ಅಲ್ಲ. ಡೈನೀಮಾ ಎಣ್ಣೆ ಹಚ್ಚಿದ ಹಾಗೆ ಜಾರುವ ನೂಲು. ಸಾದಾ ಬೋಲೈನ್ ಗಂಟು ಹಾಕಿದರೆ ಬಿಚ್ಚಿಕೊಳ್ಳುತ್ತದೆ, ತುದಿಯನ್ನು ಹಗ್ಗದೊಳಗೇ ಹೊಸೆದು ಕಣ್ಣು ಮಾಡಬೇಕು. ಅರ್ಧ ಕಿಲೋ ತಂತಿ ಎತ್ತಲಿಕ್ಕೆ ಒಂದು ಟನ್ ಯಾಕೆ?

ಎಳೆ_ಮೂರು
ಗಂಟು ಹಾಕೋಕೆ ಬರದಿದ್ರೆ ಹಗ್ಗದ ತಪ್ಪಾ?

ತೋಟದ_ಡೈಪೋಲ್
ಜಗಳ ಆಮೇಲೆ ಆಡಿ. ಇನ್ನೊಂದು ಕಾಟ: 7.1 ಮೆಗಾಹರ್ಟ್ಸ್‌ಗೆ ಹೊಂದಿಸಿದ್ದ ಆಂಟೆನಾ ಈಗ 7.0 ಹತ್ತಿರ ಕೂತಿದೆ. ಮಳೆ ನೀರು ಬಾಲನ್ (ನಡುವೆ ತಂತಿಗೆ ಕೇಬಲ್ ಸೇರಿಸುವ ಡಬ್ಬಿ) ಒಳಗೆ ಹೋಗಿರಬಹುದಾ?

ಲೆಕ್ಕದ_ಮೇಷ್ಟ್ರು
ಬಾಲನ್ ಬಿಡಿ, ಅಳತೆ ಪಟ್ಟಿ ತಗೊಳ್ಳಿ. ತಂತಿ ಯಾವುದು? ಕಂಬದಿಂದ ಕಂಬಕ್ಕೆ ಎಷ್ಟು ದೂರ? ಹಗ್ಗ ಹರಿದದ್ದು ಎಲ್ಲಿ?

ತೋಟದ_ಡೈಪೋಲ್
ಕಂಬ ಎಲ್ಲಿಂದ ಬಂತು ಸರ್? ಎರಡೂ ಕಡೆ ಅಡಿಕೆ ಮರ, ನಡುವೆ 26 ಮೀಟರ್. ಮನೆ ವೈರಿಂಗಿನ 1.5 ಚದರ ಮಿಮೀ ತಂತಿ. ನಡುವೆ ಬಾಲನ್ ಮತ್ತು ಕೋಆಕ್ಸ್ ಕೇಬಲ್ ಸೇರಿ 2 ಕೆಜಿ. ಜೋಲು ಬೀಳದ ಹಾಗೆ ಬಿಗಿಯಾಗಿ ಎಳೆದು ಕಟ್ಟಿದ್ದೆ. ಮೂರು ಸಲವೂ ಮರಕ್ಕೆ ಸುತ್ತಿದ ಜಾಗದಲ್ಲೇ ಹರಿದದ್ದು. ತಂತಿ ಅಳೆದೆ, 20.1 ಮೀಟರ್ ಕತ್ತರಿಸಿದ್ದು ಈಗ 20.4 ಇದೆ!

ಲೆಕ್ಕದ_ಮೇಷ್ಟ್ರು
ಇದನ್ನ ಮೊದಲೇ ಬರೆದಿದ್ರೆ ಡೈನೀಮಾ ಜಗಳ ಉಳೀತಿತ್ತು. ತಂತಿಯೇ 30 ಸೆಂಮೀ ಹಿಗ್ಗಿದೆ, 7.0ಕ್ಕೆ ಇಳಿದದ್ದು ಅದಕ್ಕೇ.

ಆ ಮೆದು ತಾಮ್ರ 30–35 ಕೆಜಿ ಎಳೆತಕ್ಕೆ ತಾನೇ ಹರಿಯುತ್ತೆ. 6 ಮಿಮೀ ಹೊಸ ಪಾಲಿಪ್ರೊಪಿಲೀನ್ ಹಗ್ಗ ಸುಮಾರು 500 ಕೆಜಿ ತಡೆಯುತ್ತೆ. ಆದರೂ ತಂತಿ ಉಳಿದು ಹಗ್ಗ ಹರೀತು ಅಂದ್ರೆ ಆ ಒಂದು ಜಾಗದಲ್ಲಿ ಹಗ್ಗ 35 ಕೆಜಿಗಿಂತ ಕೆಳಗೆ ಸವೆದಿತ್ತು. ಮರ ತೂಗಿದಾಗಲೆಲ್ಲ ಕಾಂಡದ ಉಂಗುರ ಗರಗಸದ ಹಾಗೆ ಉಜ್ಜಿದೆ.

ಇನ್ನು ಬಿಗಿ. 26 ಮೀಟರಿಗೆ ನಡುವೆ ಅರ್ಧ ಮೀಟರ್ ಜೋಲು ಬಿಟ್ಟರೆ ಎಳೆತ 26 ಕೆಜಿ, ಒಂದು ಮೀಟರ್ ಬಿಟ್ಟರೆ 13 (ನಡುವಿನ 2 ಕೆಜಿ ಮಾತ್ರ ಹಿಡಿದ ಲೆಕ್ಕ). ಅರ್ಧ ಮೀಟರ್ ಜೋಲಿನಲ್ಲಿ ಹೆಚ್ಚುವರಿ ಉದ್ದ ಇರೋದು ಬರೀ 2 ಸೆಂಮೀ! ಮರಗಳು ಅಷ್ಟು ದೂರ ಸರಿದರೆ ಸಾಕು, ತಂತಿ ಸೆಟೆದು ನಿಲ್ಲುತ್ತೆ. ಅಡಿಕೆ ಮರ ಗಾಳಿಗೆ ಅಡಿಗಟ್ಟಲೆ ತೂಗುತ್ತೆ. ಇದಕ್ಕೆ ಹಿಗ್ಗದ ಪಾಲಿಯೆಸ್ಟರ್ ಕಟ್ಟಿದ್ರೆ ಹಗ್ಗ ಉಳಿದು ತಂತಿ ಹರಿಯುತ್ತೆ, ಅಷ್ಟೇ ವ್ಯತ್ಯಾಸ.

ಒಂದು ತುದಿ ಗಟ್ಟಿ ಕಟ್ಟಿ. ಇನ್ನೊಂದು ಮರಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ಅದರ ಮೇಲೆ ಬೇರೆ ಹಗ್ಗದ ಕುಣಿಕೆ, ಕುಣಿಕೆಗೆ ರಾಟೆ. ಡೈಪೋಲಿನ ಹಗ್ಗ ರಾಟೆ ದಾಟಿ ಕೆಳಗಿಳಿದು ಒಂದು ಬಕೆಟ್ಟಿಗೆ. ಒಣ ಮರಳು 6 ಲೀಟರ್ ಹಾಕಿದ್ರೆ ಹತ್ತಿರ ಹತ್ತಿರ 10 ಕೆಜಿ. ನಡುವೆ 1.3 ಮೀಟರಿಗಿಂತ ತುಸು ಹೆಚ್ಚು ಜೋಲು ಇರುತ್ತೆ, ಇರಲಿ. ಬಕೆಟ್ ತಳಕ್ಕೆ ತೂತು ಕೊರೆಯೋದು ಮರೀಬೇಡಿ, ಮಳೆ ನೀರು ನಿಂತರೆ ತೂಕ ಏರಿ ಮತ್ತೆ ತಂತಿ ಹಿಗ್ಗುತ್ತೆ. ಮರ ತೂಗಿದಾಗ ಬಕೆಟ್ ಏರಿಳಿಯುತ್ತೆ, ತಂತಿ ಸೆಟೆಯಲ್ಲ; ಅದಕ್ಕೆ ಮೇಲೆ ಕೆಳಗೆ ಒಂದೊಂದು ಮೀಟರ್ ಓಡಾಡೋಕೆ ಜಾಗ ಬಿಡಿ. ಹಗ್ಗ 4 ಮಿಮೀ ಪಾಲಿಯೆಸ್ಟರ್ ಧಾರಾಳ.

ಹುಬ್ಬಳ್ಳಿ_ತಂತಿ
ಪಾಲಿಯೆಸ್ಟರ್ ಅಂತ ನಾ ಮೊದಲೇ ಹೇಳಿದ್ದೆ.

ತೋಟದ_ಡೈಪೋಲ್
ಬಾವಿ ರಾಟೆ ಒಂದು ಖಾಲಿ ಇದೆ. ಆಗುತ್ತಾ?

ಬಂದರು_ಗಂಟು
ಬೇಡ. ಭಾರ ಜಾಸ್ತಿ, ಮತ್ತೆ ಚಕ್ರಕ್ಕೂ ಪಕ್ಕದ ಪಟ್ಟಿಗೂ ಬೆರಳು ತೂರುವಷ್ಟು ಸಂದು. 4 ಮಿಮೀ ಹಗ್ಗ ಅಲ್ಲಿ ಬಿದ್ದು ಸಿಕ್ಕಿಕೊಂಡರೆ ಬಕೆಟ್ ಇದ್ದೂ ಇಲ್ಲದ ಹಾಗೆ. ದೋಣಿಗೆ ಹಾಕುವ ಸ್ಟೇನ್‌ಲೆಸ್ ರಾಟೆ ತನ್ನಿ, ಸಂದು ಹಗ್ಗಕ್ಕಿಂತ ಸಣ್ಣದಿರಬೇಕು. ಸತು ಲೇಪದ್ದು ಬೇಡ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸ್ತೀರಲ್ವಾ, ಅದರಲ್ಲಿರುವ ತಾಮ್ರ ಸತುವನ್ನು ತಿಂದು ಹಾಕ್ತದೆ.

ಎಳೆ_ಮೂರು
ನನ್ನ 80 ಮೀಟರ್ ಬ್ಯಾಂಡಿನ ಲೂಪ್ ಆಂಟೆನಾಗೆ ನಾಲ್ಕು ಮೂಲೆಗೂ ಬಕೆಟ್, ನಾಲ್ಕೂ ಡೈನೀಮಾ, 15 ಮೀಟರ್ ಎತ್ತರ. ಫೋಟೋ ಬೇಕಾ?

ಬಂದರು_ಗಂಟು
ಗಂಟಿನ ಫೋಟೋ ಹಾಕಿ, ನೋಡುವ.

ತೋಟದ_ಡೈಪೋಲ್
ಎರಡನೇ ಸಲ ಬೋರ್ಡೋ ಹೊಡೆಯೋಕೆ ಮರ ಹತ್ತೋರು ಬರ್ತಾರೆ, ಆಗ ರಾಟೆ ಕಟ್ಟಿಸ್ತೀನಿ. ಹಿಗ್ಗಿದ ತಂತಿಯನ್ನ ಎರಡೂ ತುದಿ 15 ಸೆಂಮೀ ಕತ್ತರಿಸಿ ಅದನ್ನೇ ಹಾಕಲಾ, ಹೊಸದು ತರಲಾ?